ಟಕ್‌ಟಕ್ ಸಿಸ್ಟರ್

ಮಕ್ಕಳ ಕುರ್ಚಿಯಲ್ಲಿ ಕೂರುವುದು ಸುಲಭ. ಏಳುವಾಗ ಮಾತ್ರ ಕುರ್ಚಿಯ ಅಭಿಪ್ರಾಯವನ್ನೂ ಕೇಳಬೇಕಾಗುತ್ತದೆ. ಇದು ನನಗೆ ಗೊತ್ತಾದದ್ದು ಅತ್ತಿಗೆ ನರ್ಸಾಗಿರುವ ಆಸ್ಪತ್ರೆಯಲ್ಲಿ, ಕೋಣೆ ತುಂಬ ಜನರ ಎದುರಿಗೆ. ಅವರು ಮನೆಯಲ್ಲಿ ಮರೆತುಬಂದಿದ್ದ ಕನ್ನಡಕ ಕೊಡಲು ಹೋಗಿದ್ದೆ. ಖಾಲಿ ಇದ್ದದ್ದು ಕೆಂಪು ಪ್ಲಾಸ್ಟಿಕ್ಕಿನ, ಎರಡು ಪಕ್ಕಕ್ಕೂ ಕೈ ಇದ್ದ ಒಂದು ಪುಟ್ಟ ಕುರ್ಚಿ. ಕೂತೆ. ಅತ್ತಿಗೆ "ತಾ ಇಲ್ಲಿ" ಎಂದು ಕೈ ಚಾಚಿದಾಗ ಎದ್ದೆ. ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಬಿಡಿಸಿಕೊಳ್ಳಲು ಒಂದು ಸುತ್ತು ತಿರುಗಿದೆ, ಅದೂ ತಿರುಗಿತು. ಕಾಯುತ್ತಿದ್ದ ಮಕ್ಕಳೆಲ್ಲ ಹೋ ಎಂದು ನಕ್ಕರು. ಅವರ ಅಪ್ಪ ಅಮ್ಮಂದಿರು ಮರ್ಯಾದೆಗೆಂದು ಫ್ಯಾನು ನೋಡಿದರು. ಅತ್ತಿಗೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅದನ್ನ ಬಿಟ್ಟು ಹೋಗೋ," ಎಂದರು. "ಆಸ್ಪತ್ರೆದು."

ಇಬ್ಬರು ಹುಡುಗರು ಕುರ್ಚಿ ಹಿಡಿದೆಳೆದರು. ನಾನು ಮುಂದಕ್ಕೆ ಮುಗ್ಗರಿಸಿ ಬೀರುವಿನ ಪಕ್ಕದ ಮೂಲೆಗೆ ಹೋಗಿ ನಿಂತೆ. ಮತ್ತೆ ಆ ಸಾಲನ್ನು ದಾಟಿ ಬಾಗಿಲಿಗೆ ಹೋಗುವ ಧೈರ್ಯ ಬರಲಿಲ್ಲ. ಹಾಗೆ ಮೂಲೆ ಹಿಡಿದದ್ದರಿಂದಲೇ ಅತ್ತಿಗೆ ಕೆಲಸ ಮಾಡುವುದನ್ನು ಮೊದಲ ಸಲ ನೋಡಿದೆ.

ಅವರದು ಮಕ್ಕಳ ಆಸ್ಪತ್ರೆಯಲ್ಲಿ ಬೆನ್ನಿನ ಕೋಣೆ. ಶಾಲೆಗೆ ಹೋಗುವ ಕೆಲವು ಮಕ್ಕಳಿಗೆ, ಸರಸರನೆ ಎತ್ತರ ಬೆಳೆಯುವ ವಯಸ್ಸು ಬಂತು ಎನ್ನುವಾಗ, ಯಾರಿಗೂ ಗೊತ್ತಿಲ್ಲದ ಕಾರಣಕ್ಕೆ ಬೆನ್ನುಮೂಳೆ ಪಕ್ಕಕ್ಕೆ ಸೊಟ್ಟಗಾಗುತ್ತದೆ. ನೋವಿಲ್ಲ, ಜ್ವರವಿಲ್ಲ, ಬಟ್ಟೆಯ ಒಳಗೆ ಗುಟ್ಟಾಗಿ ಸೊಟ್ಟಗಾಗುತ್ತಲೇ ಇರುತ್ತದೆ. ಅಂಥವರಿಗೆ ಎದೆಯಿಂದ ಸೊಂಟದವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ತೊಡಿಸುತ್ತಾರೆ. ಡಾಕ್ಟರು ಅದನ್ನು ಬ್ರೇಸ್ ಎನ್ನುತ್ತಾರೆ, ಮಕ್ಕಳು ಚಿಪ್ಪು ಎನ್ನುತ್ತಾರೆ. ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿ ಅದರೊಳಗೇ ಇರಬೇಕು, ಬೆಳವಣಿಗೆ ನಿಲ್ಲುವವರೆಗೆ. ಚಿಪ್ಪು ಬೆನ್ನನ್ನು ನೆಟ್ಟಗೆ ಮಾಡುವುದಿಲ್ಲ. ಇನ್ನಷ್ಟು ಸೊಟ್ಟಗಾಗದಂತೆ ತಡೆದು ನಿಲ್ಲಿಸುತ್ತದೆ, ಅಷ್ಟೆ. ತಡೆಯದಿದ್ದರೆ ಕೊನೆಗೆ ಆಪರೇಷನ್. ಬೆಳೆಯುವ ಮಕ್ಕಳನ್ನು ಕಂಡರೆ ಎಲ್ಲರಿಗೂ ಸಂತೋಷ. ಅತ್ತಿಗೆಗೆ ಮಾತ್ರ ಅನುಮಾನ. ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, "ಜಾಸ್ತಿ ಆಗಿದ್ದೀಯಲ್ಲೋ" ಎಂದು ಅವರು ಹೇಳುವ ಧಾಟಿ ಕೇಳಿದರೆ, ಹುಡುಗ ಏನೋ ಕದ್ದು ಸಿಕ್ಕಿಬಿದ್ದಿದ್ದಾನೆ ಅನ್ನಿಸುತ್ತಿತ್ತು.

ಹನ್ನೆರಡು ಹದಿಮೂರು ವರ್ಷದ ಮಕ್ಕಳು ಚಿಪ್ಪು ತೊಟ್ಟುಕೊಂಡೇ ಇರುತ್ತಾರೆಯೇ? ಸಾಧ್ಯವಾದಾಗಲೆಲ್ಲ ಬಿಚ್ಚಿ ಎಸೆಯುತ್ತಾರೆ. ಹಿಡಿಯುವುದು ಅತ್ತಿಗೆಯ ಕೆಲಸ. ಹುಡುಗ ಒಳಗೆ ಬಂದ ಕೂಡಲೇ ಅಂಗಿಯ ಮೇಲೆಯೇ ಬೆರಳುಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಟಕ್, ಟಕ್. ಒಳಗೆ ಚಿಪ್ಪು ಇದೆಯೋ ಇಲ್ಲವೋ, ಪಟ್ಟಿ ಬಿಗಿಯಾಗಿದೆಯೋ ಸಡಿಲವೋ, ಆ ಸದ್ದಿಗೇ ತಿಳಿಯುತ್ತಿತ್ತಂತೆ. ಹಾಗಾಗಿ ಮಕ್ಕಳು ಇಟ್ಟ ಹೆಸರು ಟಕ್‌ಟಕ್ ಸಿಸ್ಟರ್.

ನಾನು ಮೂಲೆಯಲ್ಲಿದ್ದಾಗ ಬಂದ ಹುಡುಗ ಬಹಳ ವಿಧೇಯನಾಗಿ ಅಂಗಿ ಎತ್ತಿದ. ಚಿಪ್ಪು ಬಿಚ್ಚಿಸಿ ಅತ್ತಿಗೆ ಅವನ ಪಕ್ಕೆ ನೋಡಿದರು. ಅಲ್ಲಿ ಕೆಂಪು ಗುರುತು ಇತ್ತು.

"ಯಾವಾಗಿಂದ ಹಾಕ್ಕೊಂಡಿದ್ದೀಯ?"

"ಯಾವಾಗ್ಲೂ ಸಿಸ್ಟರ್."

"ಬಸ್ಸಿಂದ ಇಳಿದ ಮೇಲಾ, ಇಳಿಯೋಕ್ಕೆ ಮುಂಚೇನಾ?"

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಮಗನ ಮುಖ ನೋಡಿದ. "ಇಳಿದ ಮೇಲೆ," ಎಂದಿತು ಇಬ್ಬರಲ್ಲಿ ಒಂದು ಮುಖ. ರಾತ್ರಿಯೆಲ್ಲ ತೊಟ್ಟವರ ಮೈಮೇಲೆ ಒಳಬನಿಯನ್ನಿನ ಸುಕ್ಕಿನ ಅಚ್ಚು ಕೂಡ ಮೂಡಿರುತ್ತದೆ. ಈ ಹುಡುಗನ ಮೈ ಇಸ್ತ್ರಿ ಮಾಡಿದ ಹಾಗಿತ್ತು. ಅತ್ತಿಗೆ ಅವನ ಕಿವಿ ಹಿಂಡಲಿಲ್ಲ, ಬೈಯಲೂ ಇಲ್ಲ. ಹಿಡಿದದ್ದಕ್ಕೆ ಅವರಿಗಾಗುತ್ತಿದ್ದ ಖುಷಿ ಎಷ್ಟು ದೊಡ್ಡದೆಂದರೆ ಕೋಪಕ್ಕೆ ಜಾಗವೇ ಉಳಿಯುತ್ತಿರಲಿಲ್ಲ.

ಆ ಖುಷಿಯನ್ನು ಅವರು ಮನೆಗೂ ತರುತ್ತಿದ್ದರು. ಅಣ್ಣನ ಮನೆ ನನ್ನ ಮನೆಯ ಹಿಂದಿನ ಬೀದಿಯಲ್ಲಿ. ಒಂಟಿ ಮನುಷ್ಯನಾದ ನಾನು ರಾತ್ರಿ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದೆ. ಅತ್ತಿಗೆಯ ಕೈರುಚಿ ಸಾಧಾರಣ, ಬಾಯಿರುಚಿ ಅಸಾಧಾರಣ. ಅಣ್ಣ ಕಾರು ಕಲಿಸುವ ಮೇಷ್ಟ್ರು. ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕ್ ಒತ್ತಿ ಒತ್ತಿ, ಮನೆಯಲ್ಲಿ ಯಾರ ದನಿ ಏರಿದರೂ ಮೇಜಿನ ಕೆಳಗೆ ಅವನ ಕಾಲು ತಾನಾಗಿ ನೆಲ ಒತ್ತುತ್ತಿತ್ತು. ಆ ಬ್ರೇಕಿಗೆ ಅತ್ತಿಗೆ ನಿಂತದ್ದನ್ನು ನಾನು ಕಂಡಿಲ್ಲ. ಅವರಿಬ್ಬರ ಒಬ್ಬಳೇ ಮಗಳು ಕಡ್ಡಿ. ತೆಳ್ಳಗೆ, ನೆಟ್ಟಗೆ ಇದ್ದಳು, ಹಾಗೆ ಕರೆದೆವು. ತಟ್ಟೆಯ ಮುಂದೆ ಕೂತು, ಕಣ್ಣು ಅರಳಿಸಿ, ಅಮ್ಮನ ಕಥೆ ಕೇಳುತ್ತಿದ್ದಳು.

ಕಥೆಗಳೋ, ಒಂದಕ್ಕಿಂತ ಒಂದು. ಚಿಪ್ಪಿನೊಳಗೆ ನಾಯಿಮರಿ ಮಲಗಿಸಿದವನು. ಪಕ್ಕೆಗೆ ಬಾಚಣಿಗೆ ಒತ್ತಿ ಗುರುತು ಮಾಡಿಕೊಂಡವಳು, ಅತ್ತಿಗೆ ಹಲ್ಲುಗಳ ಅಚ್ಚು ನೋಡಿ, "ಯಾವ ಪ್ರಾಣಿ ಕಚ್ಚಿತಮ್ಮಾ?" ಎಂದು ಕೇಳಿದ್ದರಂತೆ. ಇನ್ನೊಬ್ಬಳು, ಸಿಸ್ಟರ್ ಚಿಪ್ಪನ್ನು ಮುಟ್ಟಿ ಬಿಸಿ ನೋಡುತ್ತಾರೆಂದು ಗೊತ್ತಾಗಿ, ಬರುವ ಮೊದಲು ಅದನ್ನು ಬಿಸಿಲಿಗೆ ಇಟ್ಟಿದ್ದಳು.

"ಹೊರಗೆ ಬಿಸಿ, ಒಳಗೆ ತಣ್ಣಗೆ!" ಅತ್ತಿಗೆ ಕಣ್ಣೊರೆಸಿಕೊಂಡು ನಕ್ಕರು. "ದಡ್ಡಿ. ಮೈಯಲ್ಲಿ ಬಿಸಿ ಇರೋದು ಒಳಗಡೆ ತಾನೆ? ನಾನಾಗಿದ್ರೆ ಬಿಸಿನೀರಿನ ಚೀಲ ಒಳಗಿಟ್ಟು ಪಟ್ಟಿ ಬಿಗೀತಿದ್ದೆ. ಆಮೇಲೆ ಯಾವ ಸಿಸ್ಟರ್ ಹಿಡೀತಾಳೆ ನೋಡೋಣ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಣ್ಣನ ಕಾಲು ಕೂಡ ಸುಮ್ಮನಿತ್ತು.

ಒಂದು ಭಾನುವಾರ ಕಡ್ಡಿಯ ಚಮಚ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು. ಆಗ ಅವಳಿಗೆ ಹನ್ನೊಂದು ಮುಗಿದಿತ್ತು. ಮೊಣಕಾಲಿನ ಕೆಳಗಿದ್ದ ಸ್ಕರ್ಟು ಮೇಲಕ್ಕೆ ಹೋಗಲು ಶುರುವಾಗಿತ್ತು, ಮೊಡವೆಯೊಂದು ಬಂದು ಅದಕ್ಕಾಗಿ ಅತ್ತೂ ಆಗಿತ್ತು. ಅತ್ತಿಗೆ ಮಾತಿನ ಮಧ್ಯೆ ನಿಂತರು. ಬ್ರೇಕು ಕೆಲಸ ಮಾಡಿತೇನೋ ಎಂದು ಅಣ್ಣನೇ ಬೆರಗಾದ.

"ಇನ್ನೊಂದ್ಸಲ ಬಗ್ಗು," ಎಂದರು.

"ಚಮಚ ಸಿಕ್ತಲ್ಲಮ್ಮ."

"ಬಗ್ಗು ಅಂದೆ."

ಬಗ್ಗಿದಳು. ತೆಳುವಾದ ಅಂಗಿಯ ಕೆಳಗೆ ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಸ್ವಲ್ಪ ಎದ್ದು ನಿಂತಿತ್ತು. ನನಗೆ ಕಾಣಿಸಲಿಲ್ಲ, ಅತ್ತಿಗೆಯ ಮುಖ ಕಾಣಿಸಿತು. ಅವರು ಎದ್ದು ಹೋಗಿ ನಲ್ಲಿ ಬಿಟ್ಟು, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ್ದು ಅತ್ತಿಗೆಗೆ ಬಾಯಿಪಾಠವಾಗಿದ್ದ ಮಾತೇ. ಸೊಟ್ಟ ಸಣ್ಣದು. ಆದರೆ ಹುಡುಗಿ ಇನ್ನೂ ದೊಡ್ಡವಳಾಗಿಲ್ಲ, ಬೆಳವಣಿಗೆಯ ಓಟ ಈಗ ಬರುತ್ತದೆ. ಅದು ಮುಗಿಯುವವರೆಗೆ ಚಿಪ್ಪು ತೊಟ್ಟರೆ ಕತ್ತಿ ಮುಟ್ಟಿಸದೆ ಪಾರಾಗಬಹುದು. "ನಿಮ್ಮ ಮನೇಲಿ ಅದೇನು ಕಷ್ಟ ಸಿಸ್ಟರ್?" ಎಂದು ಡಾಕ್ಟರು ನಕ್ಕರಂತೆ. ಅತ್ತಿಗೆಯೂ ನಕ್ಕರಂತೆ. ಆವತ್ತಿನಿಂದ ಮನೆಯಲ್ಲಿ ಯಾರೂ ಅವಳನ್ನು ಕಡ್ಡಿ ಎಂದು ಕರೆಯಲಿಲ್ಲ. ಯಾರೂ ಮಾತಾಡಿಕೊಂಡು ಬಿಟ್ಟದ್ದಲ್ಲ, ತಾನಾಗಿ ನಿಂತಿತು.

"ಚಿಕ್ಕಪ್ಪ, ನನಗೆ ಈಗ ಹೆಸರಿಲ್ವಾ?" ಎಂದು ಅವಳು ಒಂದು ದಿನ ಕೇಳಿದಳು. ನಾನು ನಗಿಸಿ ಹೊಟ್ಟೆ ಹೊರೆಯುವವನು, ವಾರಪತ್ರಿಕೆಯಲ್ಲಿ ನನ್ನ ನಗೆಬರಹ ಓದಿ ಜನ ಪತ್ರ ಬರೆಯುತ್ತಾರೆ. ಅವಳಿಗೆ ಕೊಡಲು ಒಂದೇ ಒಂದು ತಮಾಷೆ ಹುಟ್ಟಲಿಲ್ಲ.

ಚಿಪ್ಪು ಬಂತು. ಮಾಡಿಕೊಟ್ಟವರು ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಮಕ್ಕಳ ಮೈಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವ ಮುದುಕರು. ಅಚ್ಚಿನ ತಾತ ಎನ್ನುತ್ತಿದ್ದರು. ಹುಬ್ಬಿನಲ್ಲಿ ಸದಾ ಬಿಳಿಪುಡಿ, ಬಾಯಲ್ಲಿ ಸದಾ "ಆಯ್ತಮ್ಮ". ಅತ್ತಿಗೆ ಪಟ್ಟಿಗಳ ಮೇಲೆ ಪೆನ್ನಿನಿಂದ ಗೆರೆ ಎಳೆದರು: ಇಷ್ಟಕ್ಕೆ ಬಿಗಿಯಬೇಕು, ಇದರ ಈಚೆಗೆ ಬಂದರೆ ಸಡಿಲ.

ಆಮೇಲೆ ನಡೆದದ್ದು ಪವಾಡ ಎಂದು ನಾವೆಲ್ಲ ಅಂದುಕೊಂಡೆವು. ಹುಡುಗಿ ತಕರಾರು ಮಾಡಲಿಲ್ಲ. ಸಂಜೆ ಅತ್ತಿಗೆ ಕೆಲಸದಿಂದ ಬಂದು ಬಾಗಿಲಲ್ಲೇ ಟಕ್‌ಟಕ್ ಎಂದು ತಟ್ಟಿದರೆ ಸದ್ದು ಸರಿಯಾಗಿರುತ್ತಿತ್ತು. ಬಿಚ್ಚಿದರೆ ಪಟ್ಟಿ ಗೆರೆಗೇ ಇರುತ್ತಿತ್ತು. ಪಕ್ಕೆಯಲ್ಲಿ ಕೆಂಪು ಗುರುತು, ಅದರ ಸುತ್ತ ಬನಿಯನ್ನಿನ ಸುಕ್ಕಿನ ಅಚ್ಚು. ಚಿಪ್ಪಿನ ಒಳಗೆ ಕೈ ಹಾಕಿದರೆ ಬೆಚ್ಚಗೆ. ಅತ್ತಿಗೆಗೆ ಹೆಮ್ಮೆ ಹಿಡಿಸಲಾರದಾಯಿತು. ರಜೆಯ ದಿನ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಾಯುವ ಸಾಲಿನ ಎದುರಿಗೆ ಕೂರಿಸುತ್ತಿದ್ದರು.

"ನೋಡ್ರೋ, ಇವಳೂ ನಿಮ್ಮ ವಯಸ್ಸಿನವಳೇ. ಒಂದು ದಿನಾನೂ ತೆಗೆದಿಲ್ಲ," ಎಂದು ಅವಳ ಬೆನ್ನಿಗೆ ಟಕ್‌ಟಕ್ ತಟ್ಟಿ ತೋರಿಸುತ್ತಿದ್ದರು. ಅವಳು ಅಂಗಡಿಯ ಗೊಂಬೆಯ ಹಾಗೆ ಎದುರಿನ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಮಕ್ಕಳು ಅವಳನ್ನು ನೋಡುತ್ತಿದ್ದ ನೋಟದಲ್ಲಿ ಗೌರವವೇನೂ ನನಗೆ ಕಾಣಲಿಲ್ಲ.

ಆರು ತಿಂಗಳ ಎಕ್ಸ್‌ರೇಯಲ್ಲಿ ಸೊಟ್ಟ ಹೆಚ್ಚಾಗಿತ್ತು. ಸ್ವಲ್ಪವಲ್ಲ.

"ಕೆಲವರ ಬೆನ್ನು ಎಷ್ಟು ಮಾಡಿದ್ರೂ ಮಾತು ಕೇಳಲ್ಲ ಸಿಸ್ಟರ್," ಎಂದರು ಡಾಕ್ಟರು. ಇದೂ ನಿಜವೇ, ಹಾಗೂ ಆಗುವುದುಂಟು. ಆದರೆ ಅತ್ತಿಗೆಗೆ ತಪ್ಪು ಮಾಡಿದವನೊಬ್ಬ ಬೇಕಾಗಿತ್ತು. ಮಗಳನ್ನು ದಿನವೂ ಪರೀಕ್ಷೆ ಮಾಡಿದವರು ತಾವು, ತಾವು ಮೋಸ ಹೋಗುವವರಲ್ಲ. ಹಾಗಾದರೆ ಉಳಿದದ್ದು ಚಿಪ್ಪು. ನೇರವಾಗಿ ಶೆಡ್ಡಿಗೆ ನುಗ್ಗಿದರು. ಅಲ್ಲಿ ಅವರು ಅಂದ ಮಾತುಗಳನ್ನು ವಾರ್ಡಿನ ಆಯಾ ನಮಗೆ ಹೇಳುವಾಗ ಅರ್ಧ ನುಂಗಿದಳು. ಕಣ್ಣು ಕಾಣದಿದ್ದರೆ ಮನೆಯಲ್ಲಿರಿ, ಮಕ್ಕಳ ಬೆನ್ನಿನ ಮೇಲೆ ಕೈ ಪಳಗಿಸಬೇಡಿ ಎಂದದ್ದು ಅದರಲ್ಲಿ ಮೆತ್ತಗಿನದು. ಅಚ್ಚಿನ ತಾತ "ಆಯ್ತಮ್ಮ" ಎಂದು ಹೊಸ ಅಚ್ಚು ತೆಗೆದರು. ಒಂದು ತಿಂಗಳಿಗೆ ಅದೂ ಸರಿಯಿಲ್ಲವೆಂದು ಇನ್ನೊಂದು ಮಾಡಿಸಿದರು. ಅದನ್ನು ಮಾಡಿಕೊಟ್ಟ ಮೇಲೆ ತಾತ ಕೆಲಸಕ್ಕೆ ಬರುವುದನ್ನು ಬಿಟ್ಟರು. ವಯಸ್ಸಾಗಿತ್ತು ಎಂದರು ಆಸ್ಪತ್ರೆಯವರು.

ಅಷ್ಟರಲ್ಲಿ ಹುಡುಗಿ ದೊಡ್ಡವಳಾಗಿದ್ದಳು. ಎಲ್ಲರೂ ಹೆದರುತ್ತಿದ್ದ ಓಟ ಬಂದಿತ್ತು. ಬಾಗಿಲ ಚೌಕಟ್ಟಿನ ಪಕ್ಕ ನಿಂತರೆ ಒಂದೊಂದು ತಿಂಗಳೂ ಬೇರೆ ಹುಡುಗಿ.

ಆವತ್ತು ಎಕ್ಸ್‌ರೇ ಯಂತ್ರ ಕೆಟ್ಟು ಅತ್ತಿಗೆಯ ಕೋಣೆಯನ್ನು ಮಧ್ಯಾಹ್ನಕ್ಕೇ ಮುಚ್ಚಿದ್ದರು. ಬಸ್ ಸ್ಟಾಪಿನಲ್ಲಿ ನಾನು ಸಿಕ್ಕೆ, ಅವರ ಚೀಲ ಹಿಡಿದುಕೊಂಡು ಜೊತೆಗೇ ಮನೆಗೆ ಹೋದೆ. ಪರೀಕ್ಷೆಯ ದಿನಗಳು, ಹುಡುಗಿಗೆ ಮಧ್ಯಾಹ್ನದ ಮೇಲೆ ಶಾಲೆಯಿರಲಿಲ್ಲ. ಬಾಗಿಲು ತೆರೆದರೆ ಅವಳು ಹಜಾರದ ನೆಲದ ಮೇಲೆ, ಗೋಡೆಗೆ ಒರಗಿ, ಮೈಯೆಲ್ಲ ಮುದುಡಿಕೊಂಡು, ಮಂಡಿಯ ಮೇಲೆ ಪುಸ್ತಕವಿಟ್ಟು ಓದುತ್ತಿದ್ದಳು. ಲೋಕದ ಎಲ್ಲ ಮಕ್ಕಳೂ ಕೂರುವ ಹಾಗೆ ಕೂತಿದ್ದಳು. ಅಮ್ಮನನ್ನು ನೋಡಿ ಏಳಲಿಲ್ಲ. ಪುಸ್ತಕ ಮುಚ್ಚಿದಳು, ಅಷ್ಟೆ.

ಒಳಕೋಣೆಯ ಮಂಚದ ಮೇಲೆ ಹೊದಿಕೆಯ ಕೆಳಗೆ ಚಿಪ್ಪು ಮಲಗಿತ್ತು. ಪಟ್ಟಿಗಳು ಗೆರೆಗೆ ಸರಿಯಾಗಿ ಬಿಗಿದಿದ್ದವು. ಅದರ ಹೊಟ್ಟೆಯೊಳಗೆ ಬಿಸಿನೀರಿನ ರಬ್ಬರ್ ಚೀಲ. ಅತ್ತಿಗೆ ಚೀಲ ಹೊರಗೆಳೆದು, ಮುಚ್ಚಳ ಸೋರುತ್ತಿದೆಯೇ ಎಂದು ತಿರುವಿ ನೋಡಿದರು. ನರ್ಸಿನ ಕೈ ಕಲಿತದ್ದು ಹಾಗೆ, ಪಾಪ. ಆಮೇಲೆ ಅದನ್ನು ಎದೆಗವಚಿಕೊಂಡು ಹಜಾರಕ್ಕೆ ಬಂದರು.

"ಯಾರೇ ಹೇಳಿಕೊಟ್ರು ಇದನ್ನ?"

"ನೀನೇ," ಎಂದಳು ಮಗಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. "ಊಟಕ್ಕೆ ಕೂತಾಗ."

"ಗುರುತು ಇರ್ತಿತ್ತಲ್ಲ?"

"ನೀನು ಬರೋಕ್ಕೆ ಹತ್ತು ನಿಮಿಷ ಮುಂಚೆ ಹಾಕ್ಕೊಂಡು ಜಾಸ್ತಿ ಬಿಗೀತಿದ್ದೆ. ಆಮೇಲೆ ಗೆರೆಗೆ ತರ್ತಿದ್ದೆ."

"ಸುಕ್ಕು?"

"ಬನಿಯನ್ ಒದ್ದೆ ಮಾಡಿ ಮುದುರಿ ಹಾಕ್ಕೊಳ್ತಿದ್ದೆ. ಆ ಬಸ್ಸಿನ ಹುಡುಗ ಅದನ್ನ ಮರೆತಿದ್ನಲ್ಲ. ರಾತ್ರಿ ನಾನು ಮಲಗಿದ್ಮೇಲೆ ನೀನು ನೋಡಲ್ಲ, ತೆಗೆದಿಡ್ತಿದ್ದೆ, ಬೆಳಿಗ್ಗೆ ನೀನು ಏಳೋಕ್ಕೆ ಮುಂಚೆ ಹಾಕ್ಕೊಳ್ತಿದ್ದೆ."

ಇಷ್ಟು ಹೊತ್ತಿಗೆ ಅತ್ತಿಗೆ ಬೇರೆ ಯಾರ ಮಗುವನ್ನಾದರೂ ಹಿಡಿದಿದ್ದರೆ ಕಣ್ಣು ಮಿನುಗುತ್ತಿತ್ತು. ಈಗ ಅವರು ನೆಲದ ಮೇಲೆ ಕೂತುಬಿಟ್ಟರು. "ಯಾಕೇ?" ಎಂದರು. ಇಷ್ಟು ವರ್ಷ ಅಷ್ಟು ಮಕ್ಕಳನ್ನು ಹಿಡಿದವರು ಆ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಎಲ್ರೂ ತಟ್ತಾರಮ್ಮ," ಎಂದಳು. "ಹಾಕ್ಕೊಂಡು ಹೋದ್ರೆ ಕ್ಲಾಸಲ್ಲಿ ಹಿಂದಿನ ಬೆಂಚಿನವರು ಟಕ್‌ಟಕ್ ಅಂತ ತಟ್ಟಿ, ಮನೇಲಿ ಯಾರಿದ್ದೀರಾ ಅಂತಾರೆ. ನೀನು ಆಸ್ಪತ್ರೇಲಿ ಕೂರಿಸ್ತಿಯಲ್ಲ, ಅಲ್ಲಿ ನಮ್ಮ ಸ್ಕೂಲಿನವಳೊಬ್ಬಳು ಬರ್ತಾಳೆ. ಅವಳೇ ನೋಡಿ ಎಲ್ರಿಗೂ ಹೇಳಿದ್ದು."

"ನನಗೆ ಹೇಳಬಾರದಿತ್ತಾ?"

"ನೀನು ಬಂದ ತಕ್ಷಣ ತಟ್ತಿದ್ದೆ. ಸರಿ ಇದೆ ಅಂದು ಒಳಗೆ ಹೋಗ್ತಿದ್ದೆ."

ನಾನು ಏನಾದರೂ ಹೇಳಬೇಕಿತ್ತು. ಮನೆಯ ವಿದೂಷಕನಿಗೆ ಅಷ್ಟು ಕರ್ತವ್ಯವಿದೆ. ಕೈಯಲ್ಲಿದ್ದ ಅತ್ತಿಗೆಯ ಚೀಲ ಎಲ್ಲಿಡಲಿ ಎಂದು ಕೇಳಿದೆ. ಸಂಜೆ ಅಣ್ಣ ಬಂದು ಎಲ್ಲ ಕೇಳಿಸಿಕೊಂಡ. ಅವನ ಕಾಲು ಮೇಜಿನ ಕೆಳಗೆ ಬಹಳ ಹೊತ್ತು ನೆಲ ಒತ್ತುತ್ತಲೇ ಇತ್ತು.

ಅಲ್ಲಿಂದ ಮುಂದೆ ಹುಡುಗಿ ಚಿಪ್ಪು ತೊಟ್ಟಳು, ನಿಜವಾಗಿ. ಯಾರೂ ತಟ್ಟಲಿಲ್ಲ. ಆದರೆ ಓಟ ಆಗಲೇ ಅರ್ಧ ಮುಗಿದಿತ್ತು, ಬೆನ್ನು ತನಗೆ ಬೇಕಾದ ಕಡೆಗೆ ಹೋಗಿಯಾಗಿತ್ತು. ಮುಂದಿನ ಎಕ್ಸ್‌ರೇ ನೋಡಿ ಡಾಕ್ಟರು ಸಮಾಧಾನದ ಮಾತು ಹೇಳಲಿಲ್ಲ, ದಿನ ಗೊತ್ತುಮಾಡಿದರು. ಬೆನ್ನು ಸೀಳಿ, ಮೂಳೆಯ ಎರಡೂ ಪಕ್ಕ ಲೋಹದ ಸರಳು ಕೂರಿಸಿ, ಸ್ಕ್ರೂ ಬಿಗಿದು, ಅಷ್ಟು ದೂರ ಮೂಳೆಗಳನ್ನು ಒಂದೇ ಕಂಬವಾಗಿ ಕೂಡಿಸಿದರು. ಆಪರೇಷನ್ನಿನ ದಿನ ಅತ್ತಿಗೆ ಹೊರಗಿನ ಬೆಂಚಿನಲ್ಲಿ ಇತರ ತಾಯಂದಿರ ಹಾಗೆಯೇ ಕೂತಿದ್ದರು. ಮಧ್ಯೆ ಒಮ್ಮೆ ಎದ್ದು ಹಿಂದಿನ ಶೆಡ್ಡಿನವರೆಗೆ ಹೋಗಿಬಂದರು. ಅಲ್ಲಿ ಈಗ ಹೊಸಬ ಇದ್ದ. ತಾತನ ಮನೆ ಎಲ್ಲಿ ಎಂದು ಕೇಳಿದರಂತೆ, ಅವನಿಗೆ ಗೊತ್ತಿರಲಿಲ್ಲ. ಬೇರೆ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಿತ್ತು. ಅದು ಅವರಿಗೂ ಗೊತ್ತು.

ಸರಳು ಹಾಕಿಸಿಕೊಂಡವರು ಆಪರೇಷನ್ ಮುಗಿದು ಎದ್ದು ನಿಲ್ಲುವಾಗ ಮೊದಲಿಗಿಂತ ಎತ್ತರವಾಗಿರುತ್ತಾರೆ. ಸೊಟ್ಟಗೆ ಮಡಿಸಿಟ್ಟ ಎತ್ತರ ಬಿಚ್ಚಿಕೊಳ್ಳುತ್ತದೆ. ಬೀದಿಯವರು ನೋಡಿ, "ಅಬ್ಬಾ, ಎಷ್ಟು ಬೆಳೆದುಬಿಟ್ಟಳು, ಮಹಾರಾಣಿ ಹಾಗಿದ್ದಾಳೆ" ಎಂದು ಹೊಗಳಿದರು. ಅವಳು ಮಹಾರಾಣಿಯ ಹಾಗೆಯೇ ನಡೆಯುತ್ತಾಳೆ, ಕರೆದರೆ ಕತ್ತಿನ ಜೊತೆ ಇಡೀ ಮೈ ತಿರುಗಿಸುತ್ತಾಳೆ. ಬಿದ್ದ ಚಮಚ ಎತ್ತಿಕೊಳ್ಳಬೇಕಾದರೆ ಮಂಡಿಯೂರುತ್ತಾಳೆ. ಶಾಲೆಯ ಆಟದ ತಂಡದಿಂದ ಅವಳ ಹೆಸರು ತೆಗೆದರು. ಅವಳು ಅದಕ್ಕೆ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಅಣ್ಣ ಒಮ್ಮೆ ನನ್ನ ಹತ್ತಿರ ಹೇಳಿದ.

ಅತ್ತಿಗೆ ಮತ್ತೆ ಕೆಲಸಕ್ಕೆ ಹೋದರು. ಊಟದ ಹೊತ್ತಿನಲ್ಲಿ ಈಗ ಕಥೆಯಿಲ್ಲ. ಅವರು ಉಪ್ಪು ಬೇಕಾ ಎಂದು ಕೇಳುತ್ತಾರೆ, ನಾವು ಬೇಡ ಎನ್ನುತ್ತೇವೆ. ಒಂದೆರಡು ಸಲ ನಾನು ನನ್ನ ಸರಕು ಬಿಚ್ಚಿ ನೋಡಿದೆ. ನಕ್ಕವನು ನಾನೊಬ್ಬನೇ, ಅದೂ ಅರ್ಧಕ್ಕೆ ನಿಂತಿತು.

ಕಳೆದ ವಾರ ಹುಡುಗಿಯನ್ನು ಡಾಕ್ಟರಿಗೆ ತೋರಿಸುವ ದಿನವಿತ್ತು. ಅಣ್ಣನಿಗೆ ಪಾಠವಿದ್ದುದರಿಂದ ನಾನು ಕರೆದುಕೊಂಡು ಹೋದೆ. ಡಾಕ್ಟರ ಕೋಣೆಯಿಂದ ಬಂದು ಇಬ್ಬರೂ ಅತ್ತಿಗೆಯ ಬಾಗಿಲಲ್ಲಿ ನಿಂತೆವು. ಒಳಗೆ ಹೊಸ ಚಿಪ್ಪಿನ ಹುಡುಗಿಯೊಬ್ಬಳು, ಅವಳ ತಾಯಿ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅತ್ತಿಗೆ ಅವಳ ಬೆನ್ನು ತಟ್ಟಲಿಲ್ಲ. ಪಟ್ಟಿ ಹೇಗೆ ಹಾಕುವುದು, ಚರ್ಮ ಕೆಂಪಾದರೆ ಏನು ಮಾಡುವುದು ಎಂದು ಚಪ್ಪಟೆ ದನಿಯಲ್ಲಿ ಹೇಳಿ ಮುಗಿಸಿದರು. ತಾಯಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮಗಳು ಹಟಮಾರಿ, ಹೇಳಿದ ಮಾತು ಕೇಳುವವಳಲ್ಲ ಎಂದು ದೂರಿದಳು. ಕಾಯುವ ಸಾಲಿನಲ್ಲಿ ಹಳೆಯ ತಾಯಂದಿರು ಹೇಳಿದ್ದ ಮಾತು ನೆನಪಾಗಿ ಅವಳ ಮುಖ ಅರಳಿತು.

"ಅಲ್ಲ ಸಿಸ್ಟರ್, ನಿಮ್ಮ ಮಗಳು ಒಂದು ದಿನಾನೂ ತೆಗೀಲಿಲ್ವಂತಲ್ಲ! ಹೇಗೆ ಹಾಕಿಸಿದ್ರಿ?"

ಬಾಗಿಲಲ್ಲಿ ನನ್ನ ಪಕ್ಕ ನೆಟ್ಟಗೆ ನಿಂತಿದ್ದವಳು ಅಲುಗಲಿಲ್ಲ. ಅತ್ತಿಗೆ ನಮ್ಮನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ತಾಯಿಯ ಕಡೆಗೆ ತಿರುಗಿದರು.

"ನಾನು ಹಾಕಿಸ್ತಿದ್ದೆ," ಎಂದರು. "ಅವಳು ತೆಗೀತಿದ್ಲು."